ಯಾವ ಪರದೆಯ ದೆವ್ವವೋ ಆ ಪರದೆಯಲ್ಲೇ ನೋಡಿ: ಮೊಬೈಲ್ ಭಯದ ಹಿಂದಿ ಸಿನಿಮಾ ಆರಿಸುವುದು ಹೇಗೆ

ಹಿಂದಿ ದೆವ್ವದ ಸಿನಿಮಾ ಅಂದರೆ ಬಹಳ ವರ್ಷ ಒಂದೇ ಲೆಕ್ಕ ಇತ್ತು. ಹಳೇ ಹವೇಲಿ, ಕಿರುಗುಡುವ ಬಾಗಿಲು, ಲಾಟೀನು ಹಿಡಿದ ಚೌಕೀದಾರ. ನಮ್ಮ ವಿಜಯಪುರದವರಿಗೆ ಅದೇನೂ ದೊಡ್ಡ ಸಂಗತಿಯಲ್ಲ. ಊರ ತುಂಬ ಗೋರಿ, ಬಾವಡಿ, ಬುರುಜು. ಸಾಠ್ ಕಬರ್ ಕಡೆ ಹೋದರೆ ಸಾಕು, ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುಂಚೆ ಅಫ್ಜಲ್ ಖಾನ್ ತನ್ನ ಹೆಂಡಂದಿರನ್ನೆಲ್ಲ ಕೊಲ್ಲಿಸಿದ ಅನ್ನುವ ಕತೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಕತೆ ಎಷ್ಟು ನಿಜವೋ ಏನೋ, ಗೋರಿಗಳ ಸಾಲಂತೂ ಕಣ್ಣೆದುರಿಗೇ ಇದೆ. ಅದರ ಪಕ್ಕದ ಓಣಿಗಳಲ್ಲೇ ಆಡಿ ಬೆಳೆದವರು ಸಿನಿಮಾದ ಹವೇಲಿ ನೋಡಿ ಬೆಚ್ಚಿಬೀಳುವುದು ಕಷ್ಟ. ಆದರೆ ರಾತ್ರಿ ಎರಡಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎದೆ ಧಸಕ್ಕನ್ನುತ್ತದೆ, ಅಲ್ವಾ?

ಈ ಭಯವನ್ನೇ ಹಿಡಿದು ಹಿಂದಿಯಲ್ಲಿ ಒಂದಷ್ಟು ಸಿನಿಮಾ ಬಂದಿವೆ. ಟಿವಿಯಲ್ಲಿ ಕೂತ ದೆವ್ವ, ಕ್ಯಾಮೆರಾದಲ್ಲಿ ಕಾಣುವ ದೆವ್ವ, ಮೊಬೈಲ್ ಆ್ಯಪ್‌ನೊಳಗೆ ಇರುವ ಇನ್ನೇನೋ. ಎಲ್ಲವೂ ಒಂದೇ ಮಟ್ಟದವಲ್ಲ. ಕೆಲವಂತೂ ಹೆಸರಿಗೆ ಮಾತ್ರ ಫೋನಿನ ಸಿನಿಮಾ. ಶನಿವಾರ ರಾತ್ರಿ ನಾಲ್ಕು ಜನ ಸೇರಿ, ಒಂದು ಗಂಟೆ ಟ್ರೇಲರ್‌ಗಳನ್ನೇ ನೋಡುತ್ತ ಕೂತು, ಕೊನೆಗೆ ಏನೂ ನೋಡದೆ ಮಲಗುವವರಿಗಾಗಿ ಈ ಬರಹ.

ಮೊದಲು ಎರಡು ಪ್ರಶ್ನೆ

ದೆವ್ವ ಯಂತ್ರದ ಮಾತು ಕೇಳುತ್ತದೆಯೋ ಇಲ್ಲವೋ? ಇದು ಮೊದಲನೇ ಪ್ರಶ್ನೆ. ಫೋನಿಗೆ ಅದರದೇ ಕಟ್ಟಳೆಗಳಿವೆ. ಚಾರ್ಜ್ ಇರಬೇಕು, ಟವರ್ ಸಿಗಬೇಕು, ಲಾಕ್ ತೆಗೆಯಬೇಕು, ಯಾರೋ ನಂಬರ್ ಒತ್ತಬೇಕು. ಬ್ಯಾಟರಿ ಕಿತ್ತಿಟ್ಟ ಫೋನು ಸುಮ್ನೆ ರಿಂಗಾಯಿತು ಅಂದರೆ ಒಂದು ಸಲ ಬೆಚ್ಚಿಬೀಳುತ್ತೀರಿ. ಎರಡನೇ ಸಲ ನಗು ಬರುತ್ತದೆ, ಯಾಕೆಂದರೆ ಅಲ್ಲಿ ಏನು ಬೇಕಾದರೂ ಆಗಬಹುದು. ಏನು ಬೇಕಾದರೂ ಆಗಬಹುದಾದ ಕಡೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ. ಅದೇ ದೆವ್ವ ಫೋನಿನ ಕಟ್ಟಳೆಯೊಳಗೇ ಇದ್ದು ಒಂದೇ ಒಂದು ಕಡೆ ಅದನ್ನು ಮುರಿಯಿತು ಅನ್ನಿ. ಆಗ ನೋಡುವವರ ತಲೆ ಲೆಕ್ಕ ಹಾಕಲು ಶುರು ಮಾಡುತ್ತದೆ. ಆ ಲೆಕ್ಕದಲ್ಲೇ ಭಯ ಇರುವುದು.

ಎರಡನೇ ಪ್ರಶ್ನೆ ಇನ್ನೂ ಸರಳ. ಇವತ್ತು ಯಾವ ಪರದೆಯಲ್ಲಿ ನೋಡುತ್ತೀರಿ, ಜೊತೆಗೆ ಯಾರಿದ್ದಾರೆ? ದೊಡ್ಡ ಪರದೆಯಲ್ಲಿ ನೋಡಿದರೇ ಸಿನಿಮಾ ಅನ್ನುವ ಮಾತು ಉಳಿದವಕ್ಕೆ ಸರಿ. ಯಂತ್ರದ ದೆವ್ವಕ್ಕೆ ಅದು ಸರಿಹೋಗುವುದಿಲ್ಲ. ಟಿವಿಯ ದೆವ್ವವನ್ನು ಟಿವಿಯಲ್ಲೇ ನೋಡಬೇಕು. ಲ್ಯಾಪ್‌ಟಾಪಿನ ಕತೆಯನ್ನು ಲ್ಯಾಪ್‌ಟಾಪಿನಲ್ಲೇ ನೋಡಬೇಕು. ಸಿನಿಮಾ ಮುಗಿದ ಮೇಲೂ ಆ ಯಂತ್ರ ನಿಮ್ಮ ಎದುರಿಗೇ ಇರುತ್ತದೆ ನೋಡಿ, ಅದಕ್ಕೆ.

ಕಟ್ಟಳೆಯ ಮಾತು ಬಂತು, ಒಂದು ಸಂಗತಿ ಹೇಳಿಬಿಡುತ್ತೇನೆ. ನಮ್ಮೂರ ಸ್ಟೇಶನ್ ರಸ್ತೆಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಗಾಜಿನ ಕೌಂಟರ್ ಮೇಲೆ ಒಂದು ಫೋನ್ ಇಟ್ಟಿದ್ದರು. ಯಾರೂ ಮುಟ್ಟಿರಲಿಲ್ಲ. ಅದು ತಾನಾಗಿ ಗ್ಯಾಲರಿ ತೆಗೆಯಿತು. ಒಂದು ಮದುವೆ ಫೋಟೋ ದೊಡ್ಡದು ಮಾಡಿತು, ಮುಚ್ಚಿತು. ಆಮೇಲೆ ಕೀಬೋರ್ಡ್ ತೆಗೆದು ಒಂದೇ ಅಕ್ಷರವನ್ನು ಸಾಲುಸಾಲಾಗಿ ಒತ್ತತೊಡಗಿತು. ಫೋನಿನ ಒಡತಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಅಂಗಡಿಯ ಹುಡುಗ ತಲೆ ಎತ್ತದೆಯೇ, "ಘೋಸ್ಟ್ ಟಚ್ ಐತ್ರಿ ಅಕ್ಕಾರ. ಡುಪ್ಲಿಕೇಟ್ ಚಾರ್ಜರ್ ಹಾಕಿದ್ರೇನ್ರಿ?" ಅಂದ. ನಮ್ಮ ಬೆರಳಿನಿಂದ ಪರದೆಯ ವಿದ್ಯುತ್ತಿನಲ್ಲಿ ಆಗುವ ಸಣ್ಣ ವ್ಯತ್ಯಾಸವನ್ನು ಫೋನು ಹಿಡಿಯುತ್ತದೆ. ಕಳಪೆ ಚಾರ್ಜರ್‌ನಿಂದ ಬರುವ ಗದ್ದಲವೋ, ಒಳಗೆ ಸೇರಿದ ತೇವವೋ, ಒಡೆದ ಡಿಸ್‌ಪ್ಲೇಯೋ ಅದೇ ತರಹದ ವ್ಯತ್ಯಾಸ ಮಾಡಿದರೆ ಅದನ್ನೂ ಬೆರಳು ಅಂದುಕೊಳ್ಳುತ್ತದೆ. ಕಾರಣ ಗೊತ್ತಾದ ಮೇಲೂ ಆ ಫೋನಿನ ಮೇಲಿಂದ ಕಣ್ಣು ತೆಗೆಯಲು ಆಗುತ್ತಿರಲಿಲ್ಲ. ಒಳ್ಳೇ ನಿರ್ದೇಶಕನಿಗೆ ಇಷ್ಟು ಸಾಕಿತ್ತು. ಹಿನ್ನೆಲೆ ಸಂಗೀತವೂ ಬೇಡ.

13ಬಿ: ಮಧ್ಯಾಹ್ನದ ದೆವ್ವ

ಈ ಪಟ್ಟಿಯಲ್ಲಿ ಒಂದನ್ನೇ ನೋಡುವುದಾದರೆ ಇದನ್ನು ನೋಡಿ. 2009ರ ಚಿತ್ರ. ವಿಕ್ರಮ್ ಕುಮಾರ್ ನಿರ್ದೇಶನ, ಮಾಧವನ್ ನಾಯಕ, ಪಿ.ಸಿ. ಶ್ರೀರಾಮ್ ಛಾಯಾಗ್ರಹಣ. ತಮಿಳಿನಲ್ಲೂ ಜೊತೆಜೊತೆಗೇ ತಯಾರಾಗಿ 'ಯಾವರುಂ ನಲಂ' ಅನ್ನುವ ಹೆಸರಿನಲ್ಲಿ ಬಂತು.

ಕತೆ ಒಂದು ಕೂಡು ಕುಟುಂಬದ್ದು. ಸಾಲ ಮಾಡಿ ಹದಿಮೂರನೇ ಮಹಡಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡು ಬರುತ್ತಾರೆ. ಹಾಲು ಒಡೆಯುತ್ತದೆ. ದೇವರ ಮನೆ ಗೋಡೆಗೆ ಮೊಳೆ ಇಳಿಯುವುದಿಲ್ಲ. ಉಳಿದವರನ್ನು ಹೊತ್ತೊಯ್ಯುವ ಲಿಫ್ಟು ಮನೆಯ ಒಬ್ಬ ಮಗನನ್ನು ಮಾತ್ರ ಒಯ್ಯುವುದಿಲ್ಲ. ದಿನಾ ಮಧ್ಯಾಹ್ನ 1 ಗಂಟೆಗೆ ಟಿವಿಯಲ್ಲಿ ಒಂದು ಹೊಸ ಸೀರಿಯಲ್ ಬರುತ್ತದೆ. ಮನೆಯ ಹೆಂಗಸರೆಲ್ಲ ಅದಕ್ಕೆ ಅಂಟಿಕೊಳ್ಳುತ್ತಾರೆ. ಸೀರಿಯಲ್‌ನಲ್ಲೂ ಒಂದು ಕುಟುಂಬ ಹೊಸ ಮನೆಗೆ ಬಂದಿದೆ. ಅಲ್ಲಿ ಆಗಿದ್ದೇ ಇಲ್ಲೂ ಆಗತೊಡಗುತ್ತದೆ. ಮೊದಮೊದಲು ಎಲ್ಲ ಒಳ್ಳೆಯದೇ.

ಇದರಲ್ಲಿ ಮೊಬೈಲಿನ ಒಂದು ಸಣ್ಣ ಪ್ರಸಂಗ ಇದೆ. ನಾಯಕ ಮನೆಯೊಳಗೆ ಫೋನಿನಲ್ಲಿ ತೆಗೆಸಿಕೊಂಡ ಫೋಟೋದಲ್ಲಿ ಅವನ ಮುಖ ವಿಕಾರವಾಗಿ ಬರುತ್ತದೆ. ಫೋನು ಕೆಟ್ಟಿದೆ ಅಂದುಕೊಳ್ಳುತ್ತಾನೆ. ಮನೆಯಿಂದ ಹೊರಗೆ ತೆಗೆದರೆ ಸರಿಯಾಗೇ ಬರುತ್ತದೆ. ಮತ್ತೆ ಒಳಗೆ ತೆಗೆದರೆ ಮತ್ತೆ ವಿಕಾರ. ಚೀರಾಟ ಇಲ್ಲ, ರಕ್ತ ಇಲ್ಲ. ಒಬ್ಬ ಮನುಷ್ಯ ತನ್ನ ಮನೆಯಲ್ಲಿ ಪ್ರಯೋಗ ಮಾಡುತ್ತಿದ್ದಾನೆ, ಪ್ರಯೋಗದ ಉತ್ತರ ಪ್ರತಿಸಲ ಒಂದೇ ಬರುತ್ತಿದೆ. ಮೊದಲನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ. ಈ ಸಿನಿಮಾ ಬಂದಾಗ ಕ್ಯಾಮೆರಾ ಫೋನು ಇನ್ನೂ ಎಲ್ಲರ ಕೈಗೂ ಬಂದಿರಲಿಲ್ಲ ಅನ್ನುವುದನ್ನೂ ನೆನಪಿಡಿ.

ಯಾವಾಗ ನೋಡಬೇಕು? ನನ್ನ ಉತ್ತರ ಕೇಳಿ ನಗಬೇಡಿ: ಏಪ್ರಿಲ್ ತಿಂಗಳ ಮಧ್ಯಾಹ್ನ, ಊಟ ಆದ ಮೇಲೆ, ಮನೆಯ ಟಿವಿಯಲ್ಲಿ. ನಮ್ಮ ಕಡೆ ಆ ಹೊತ್ತಿಗೆ ಬಿಸಿಲು 40 ಡಿಗ್ರಿಯ ಆಸುಪಾಸು ಇರುತ್ತದೆ. ಓಣಿಯಲ್ಲಿ ನಾಯಿಯೂ ಕಾಣುವುದಿಲ್ಲ. ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಇರುತ್ತಾರೆ. ಸಿನಿಮಾದ ದೆವ್ವವೂ ಅದೇ ಹೊತ್ತಿಗೆ ಬರುತ್ತದೆ. ಕತ್ತಲೆಯ ಹಂಗಿಲ್ಲದೆ ಹೆದರಿಸುವ ಚಿತ್ರವನ್ನು ಕತ್ತಲೆಯಲ್ಲಿ ನೋಡಿದರೆ ಅರ್ಧ ಮಜಾ ಹೋಗುತ್ತದೆ. ಕೂಲರ್ ಸದ್ದಿಗೆ ಮಾತು ಕೇಳಿಸುವುದಿಲ್ಲ ಅನ್ನುವುದು ನಿಜವಾದ ತೊಂದರೆ. ಕೂಲರ್ ಸ್ವಲ್ಪ ಕಡಿಮೆ ಮಾಡಿ, ಇಲ್ಲವೇ ಜುಲೈವರೆಗೆ ಕಾಯಿರಿ. ಸೀರಿಯಲ್ ಬಿಡದ ಅತ್ತೆ, ಕಾಕೂ ಯಾರಾದರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಮಾರನೇ ದಿನ ಅವರು ರಿಮೋಟ್ ಹಿಡಿಯುವ ರೀತಿಯೇ ಬೇರೆ ಆಗಿರುತ್ತದೆ.

ಕೊರತೆ ಇಲ್ಲವೇ? ಇದೆ. ಪ್ರೇಮಗೀತೆಗಳು ನಡುವೆ ಬಂದು ಕೂತು ಕತೆಯ ಬಿಗಿ ಸಡಿಲಿಸುತ್ತವೆ. ಮಧ್ಯಂತರದ ನಂತರ ವಿವರಣೆ ಜಾಸ್ತಿ. ಆದರೂ ಕೊನೆಯ ದೃಶ್ಯದವರೆಗೆ ಯಾರನ್ನೂ ಏಳಲು ಬಿಡಬೇಡಿ. ಅಲ್ಲಿ ಮೊಬೈಲಿಗೆ ಒಂದು ಪಾಲು ಇದೆ, ಏನಂತ ಹೇಳುವುದಿಲ್ಲ.

ಕಂಟ್ರೋಲ್: ದೆವ್ವ ಇಲ್ಲ, ಅನುಮತಿ ಇದೆ

ಸಿ, ಟಿ, ಆರ್, ಎಲ್ ಅಂತ ನಾಲ್ಕೇ ಅಕ್ಷರದ ಹೆಸರು. 2024ರ ಅಕ್ಟೋಬರ್ 4ರಂದು ನೇರವಾಗಿ ನೆಟ್‌ಫ್ಲಿಕ್ಸ್‌ಗೆ ಬಂತು. ವಿಕ್ರಮಾದಿತ್ಯ ಮೋಟ್ವಾನೆ ನಿರ್ದೇಶನ. ಅನನ್ಯಾ ಪಾಂಡೆ ನೆಲ್ಲಾ ಅನ್ನುವ ಹುಡುಗಿಯಾಗಿದ್ದಾರೆ. ಪ್ರಿಯಕರನ ಜೊತೆ ವಿಡಿಯೋ ಮಾಡಿ ಹಾಕುವುದೇ ಅವಳ ಕೆಲಸ. ಅವನ ಮೋಸ ಸಿಕ್ಕಿಬಿದ್ದ ಮೇಲೆ, ತನ್ನ ಫೋಟೋ ವಿಡಿಯೋಗಳಿಂದ ಅವನನ್ನು ಅಳಿಸಿಹಾಕು ಅಂತ ಒಂದು ಆ್ಯಪ್‌ಗೆ ಹೇಳುತ್ತಾಳೆ. ಆ್ಯಪ್‌ನೊಳಗೆ ಆಲನ್ ಅನ್ನುವ ಸಹಾಯಕ ಇದ್ದಾನೆ, ದನಿ ಅಪಾರಶಕ್ತಿ ಖುರಾನಾದು. ಅವನು ನಗುನಗುತ್ತ ಒಂದೊಂದೇ ಫೋಟೋದಿಂದ ಹುಡುಗನನ್ನು ತೆಗೆಯುತ್ತ ಹೋಗುತ್ತಾನೆ. ಆಮೇಲೆ ಆ ಹುಡುಗ ನಿಜವಾಗಿಯೂ ಕಾಣೆಯಾಗುತ್ತಾನೆ.

ಇದನ್ನು ಹಾರರ್ ಅನ್ನಬೇಕೋ ಬೇಡವೋ ಅಂತ ಜಗಳ ಮಾಡಬಹುದು. ದೆವ್ವ ಅಂತೂ ಇಲ್ಲ. ಆದರೆ ಮೈಮೇಲೆ ಬರುವುದು ಅಂತ ನಾವು ಯಾವುದನ್ನು ಅನ್ನುತ್ತೇವೋ ಅದೇ ನಡೆಯುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಬಾ ಅಂತ ಕರೆದವಳು ಅವಳೇ. ಕ್ಯಾಮೆರಾ ನೋಡಲೇ? ಅಲೋ. ಕಾಂಟ್ಯಾಕ್ಟ್ ಓದಲೇ? ಅಲೋ. ಹೊಸ ಆ್ಯಪ್ ಹಾಕುವಾಗ ನಾವು ಓದದೆ ಒತ್ತುವ ಆ ಗುಂಡಿಯ ಮೇಲೆ ಇಡೀ ಸಿನಿಮಾ ನಿಂತಿದೆ. ಯಂತ್ರ ತನ್ನ ಕಟ್ಟಳೆಯನ್ನು ಎಲ್ಲೂ ಮುರಿಯುವುದಿಲ್ಲ. ಕೊಟ್ಟ ಅನುಮತಿಯಷ್ಟನ್ನೇ ಬಳಸುತ್ತದೆ.

ಸಿನಿಮಾದ ಬಹುಪಾಲು ಕಂಪ್ಯೂಟರ್, ಮೊಬೈಲ್ ಪರದೆಗಳ ಮೇಲೆಯೇ ನಡೆಯುತ್ತದೆ. ಚಾಟ್, ವಿಡಿಯೋ ಕಾಲ್, ಕಿಟಕಿಯ ಮೇಲೆ ಕಿಟಕಿ. ಹಾಗಾಗಿ ಇದನ್ನು ಲ್ಯಾಪ್‌ಟಾಪ್‌ನಲ್ಲೇ ನೋಡಿ. ಮೊಬೈಲಿನಲ್ಲಿ ನೋಡಿದರೆ ಒಳಗಿನ ಅಕ್ಷರಗಳು ಇರುವೆಯಷ್ಟು ಕಾಣುತ್ತವೆ. ಸಣ್ಣ ಸುಳಿವುಗಳು ಆ ಅಕ್ಷರಗಳಲ್ಲೇ ಇವೆ. ಟಿವಿಯಲ್ಲಿ ನೋಡಿದರೆ ಬೇರೆ ಯಾರದೋ ಕತೆ ದೂರದಿಂದ ನೋಡಿದ ಹಾಗೆ ಆಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಸಲ ನೋಟಿಫಿಕೇಶನ್ ಸಿನಿಮಾದ್ದೋ ನಮ್ಮದೋ ಅಂತ ಗೊತ್ತಾಗುವುದಿಲ್ಲ.

ಮನೆಮಂದಿಯ ಜೊತೆ ಇದು ನಡೆಯುವುದಿಲ್ಲ. ನಮ್ಮೂರಿನ ಹಿರಿಯರಿಗೆ ಹಿಂದಿ ತೊಡಕಲ್ಲ. ಸುತ್ತ ದಖನಿ ಉರ್ದು ಕೇಳಿ ಬೆಳೆದವರು, ಮಾರ್ಕೆಟ್‌ನಲ್ಲಿ ಅರ್ಧ ವ್ಯವಹಾರ ಅದರಲ್ಲೇ. ಆದರೆ ಇಲ್ಲಿ ಹಿಂದಿಗಿಂತ ಇಂಗ್ಲಿಷ್ ಜಾಸ್ತಿ, ಅದೂ ಓಡುವ ಇಂಗ್ಲಿಷ್. ಅಜ್ಜಿಗೆ ಪ್ರತಿ ಚಾಟನ್ನೂ ಓದಿ ಹೇಳುತ್ತ ಕೂತರೆ ನಿಮಗೂ ಸಿನಿಮಾ ಇಲ್ಲ, ಅವರಿಗೂ ಇಲ್ಲ. ಒಬ್ಬರೇ ಕೂತು ನೋಡಿ. ಒಂದೂ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಮೊದಲರ್ಧ ಬಹಳ ಚೆನ್ನಾಗಿದೆ. ದ್ವಿತೀಯಾರ್ಧದಲ್ಲಿ ದೊಡ್ಡ ಕಂಪನಿ, ಡೇಟಾ ಕಳ್ಳತನ ಅಂತ ಭಾಷಣದ ವಾಸನೆ ಬರುತ್ತದೆ. ಕೊನೆ ಮತ್ತೆ ಸರಿಯಾಗುತ್ತದೆ.

13ಬಿಯೋ, ಕಂಟ್ರೋಲೋ? ಬೆಚ್ಚಿಬೀಳಬೇಕು ಅನ್ನುವವರಿಗೆ 13ಬಿ. ಬೆಚ್ಚಿಬೀಳುವುದು ಬೇಡ, ಮನಸ್ಸಿನೊಳಗೆ ಕೊರೆಯುವಂಥದ್ದು ಬೇಕು ಅನ್ನುವವರಿಗೆ ಕಂಟ್ರೋಲ್. ಇಪ್ಪತ್ತರ ಒಳಗಿನವರು ಎರಡನೆಯದನ್ನೇ ಇಷ್ಟಪಡುತ್ತಾರೆ ಅಂತ ನನ್ನ ಅಂದಾಜು. ಸೀರಿಯಲ್‌ಗೆ ಮನೆಯೆಲ್ಲ ಅಂಟಿಕೊಳ್ಳುವುದನ್ನು ಅವರು ಅಷ್ಟಾಗಿ ಕಂಡಿಲ್ಲ.

ಕ್ಯಾಮೆರಾ ಹಿಡಿದವನು ಯಾಕೆ ಓಡುವುದಿಲ್ಲ?

ರಾಗಿಣಿ ಎಂಎಂಎಸ್ 2011ರದು. ಪವನ್ ಕೃಪಲಾನಿ ನಿರ್ದೇಶನ, ರಾಜ್‌ಕುಮಾರ್ ರಾವ್ ಅವರ ಆರಂಭದ ಚಿತ್ರಗಳಲ್ಲಿ ಒಂದು. ಊರಾಚೆಯ ಮನೆಯೊಂದರಲ್ಲಿ ಗುಟ್ಟಾಗಿ ಇಟ್ಟ ಕ್ಯಾಮೆರಾಗಳು ಕಂಡದ್ದನ್ನು ನಾವು ನೋಡುತ್ತೇವೆ. ದೊಡ್ಡವರಿಗೆ ಮಾತ್ರ ಅನ್ನುವ ಚಿತ್ರ, ಮನೆಯವರ ಮುಂದೆ ಹಾಕಿ ಪೇಚಿಗೆ ಸಿಕ್ಕಿಕೊಳ್ಳಬೇಡಿ. ಹೆಸರು, ಪೋಸ್ಟರ್ ನೋಡಿ ಬೇರೆ ಏನೋ ಅಂದುಕೊಂಡು ಹೋದವರೇ ಜಾಸ್ತಿ. ಒಳಗೆ ನಿಜವಾಗಲೂ ಒಂದು ಒಳ್ಳೆ ಭಯದ ಚಿತ್ರ ಇದೆ. ಅಲ್ಲಿನ ದೆವ್ವ ಮರಾಠಿ ಮಾತಾಡುತ್ತದೆ. ಸೊಲ್ಲಾಪುರದ ಕಡೆ ನೆಂಟಸ್ತನ ಇರುವ ನಮ್ಮವರಿಗೆ ಅದರ ಒಂದೊಂದು ಮಾತೂ ಸಬ್‌ಟೈಟಲ್ ಇಲ್ಲದೆ ನಾಟುತ್ತದೆ. ಬೆಂಗಳೂರಿನವರಿಗೆ ಈ ಭಾಗ್ಯ ಇಲ್ಲ.

ಇಂಥ ಚಿತ್ರಗಳಿಗೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ದೆವ್ವ ಬಂದಾಗಲೂ ಇವನು ಕ್ಯಾಮೆರಾ ಹಿಡಿದೇ ಯಾಕೆ ನಿಂತಿದ್ದಾನೆ? ರಾಗಿಣಿಯಲ್ಲಿ ಈ ಪ್ರಶ್ನೆಗೆ ಉತ್ತರ ಇದೆ. ಕ್ಯಾಮೆರಾಗಳು ಗೋಡೆಯಲ್ಲಿ ಇವೆ, ಹುಡುಗಿಯ ಕೈಗೆ ಬೇಡಿ ಇದೆ, ಓಡಲು ಆಗುವುದಿಲ್ಲ. ಅದಕ್ಕೇ ಅದು ನಂಬುವ ಹಾಗಿದೆ.

ಇದೇ ಜಾತಿಯಲ್ಲಿ ಕನ್ನಡವೇ ಮುಂದೆ ಹೋದ ಒಂದು ಉದಾಹರಣೆ ಇದೆ. 2013ರಲ್ಲಿ ಬಂದ 6-5=2 ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳು ಅಂತ ಹೇಳಿಕೊಂಡು ಬಂತು. ದೊಡ್ಡ ನಟರಿಲ್ಲದೆ ಓಡಿತು. ನಿಜ ಘಟನೆಯೇ ಅಂತ ನಂಬಿದವರೂ ಇದ್ದರು. ಮರುವರ್ಷ ಅದೇ ಹೆಸರಿನಲ್ಲಿ ಹಿಂದಿಗೆ ಹೋಯಿತು. ಎರಡರಲ್ಲಿ ಕನ್ನಡದ್ದನ್ನೇ ನೋಡಿ. ಕಾಡಿನಲ್ಲಿ ದಾರಿ ತಪ್ಪಿದ ಹುಡುಗರು ನಮ್ಮದೇ ಭಾಷೆಯಲ್ಲಿ ಬೈದಾಡಿಕೊಂಡರೆ ಅದರ ಖದರೇ ಬೇರೆ. ಇದೊಂದನ್ನು ಮೊಬೈಲಿನಲ್ಲಿ ನೋಡಿದರೂ ನಡೆಯುತ್ತದೆ. ನಡುಗುವ, ಮಸುಕಾದ ವಿಡಿಯೋ ಸಣ್ಣ ಪರದೆಗೆ ಹೇಳಿಮಾಡಿಸಿದ್ದು. ಗೆಳೆಯನೊಬ್ಬ ಕಳಿಸಿದ ಕ್ಲಿಪ್ ನೋಡಿದ ಹಾಗಿರುತ್ತದೆ.

2010ರ ಕ್ಲಿಕ್ ಕೂಡ ಕ್ಯಾಮೆರಾದ್ದೇ. ಶ್ರೇಯಸ್ ತಳಪಡೆ ಫೋಟೋಗ್ರಾಫರ್, ಅವನು ತೆಗೆದ ಫೋಟೋಗಳಲ್ಲಿ ಬೇಡದ್ದು ಕಾಣುತ್ತದೆ. ಕತೆಯ ಬೇರು 2004ರ ಥಾಯ್ ಚಿತ್ರ ಶಟರ್‌ನಲ್ಲಿದೆ. ಮೂಲ ಸಿಕ್ಕರೆ ಮೂಲವನ್ನೇ ನೋಡಿ. ಇದಕ್ಕೆ ಸಮಯ ಕೊಡಬೇಕಾಗಿಲ್ಲ.

ಸತ್ತವರ ನಂಬರ್

ಇಲ್ಲಿ ಸಿನಿಮಾ ಸ್ವಲ್ಪ ಬದಿಗಿಟ್ಟು ಒಂದು ಮಾತು. ನಮ್ಮ ಓಣಿಯ ಒಬ್ಬ ಕಾಕೂ ಗಂಡ ತೀರಿಕೊಂಡ ಮೇಲೂ ಅವರ ನಂಬರನ್ನು ಫೋನಿನಲ್ಲಿ ಹಾಗೇ ಇಟ್ಟುಕೊಂಡಿದ್ದರು. ಸಿಮ್‌ಗೆ ಯಾರೂ ರೀಚಾರ್ಜ್ ಮಾಡಲಿಲ್ಲ. ವರ್ಷ ತುಂಬುವ ಹೊತ್ತಿಗೆ ವಾಟ್ಸಾಪ್‌ನಲ್ಲಿ ಕಾಕಾನ ಹೆಸರಿನ ಪಕ್ಕ, ಬುಲೆಟ್ ಗಾಡಿ ಮೇಲೆ ಕಪ್ಪು ಕನ್ನಡಕ ಹಾಕಿ ಕೂತ ಯಾವನೋ ಹುಡುಗನ ಫೋಟೋ ಬಂತು. ಕೆಳಗೆ "ಆನ್‌ಲೈನ್" ಅಂತ. ಮಗ ಅಳಿಸಲು ಹೋದರೆ, "ಇರಲಿ ಬಿಡೋ, ಹೆಸರು ಅಷ್ಟ ಅದ ಅಲ್ಲ" ಅಂದರು.

ಇದರಲ್ಲಿ ಪವಾಡ ಏನೂ ಇಲ್ಲ. ಬಳಸದೆ ಬಿಟ್ಟ ನಂಬರನ್ನು ಕಂಪನಿಗಳು ಬಂದ್ ಮಾಡುತ್ತವೆ. ಬಂದ್ ಆದ ಮೇಲೆ ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡಬಹುದು. ಇದನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್ ಹೇಳಿತ್ತು. ವಾಟ್ಸಾಪ್ ಕೂಡ ಸಾಮಾನ್ಯವಾಗಿ 120 ದಿನ ಬಳಸದ ಖಾತೆಯನ್ನು ತೆಗೆದುಹಾಕುತ್ತದೆ. ಆಮೇಲೆ ಹೊಸಬ ಅದೇ ನಂಬರಿನಲ್ಲಿ ಖಾತೆ ತೆರೆಯುತ್ತಾನೆ. ನಮ್ಮ ಫೋನು ಮಾತ್ರ ಹಳೇ ಹೆಸರನ್ನೇ ತೋರಿಸುತ್ತದೆ. ಸತ್ತವರಿಂದ ಕರೆ ಬರುವುದಕ್ಕೆ ಇದಕ್ಕಿಂತ ಒಳ್ಳೇ ಕಾರಣ ಯಾವ ಕತೆಗಾರನೂ ಹುಟ್ಟಿಸಬೇಕಿಲ್ಲ. ನಾನು ಇಲ್ಲಿ ಹೆಸರಿಸಿದ ಹಿಂದಿ ಚಿತ್ರಗಳಲ್ಲಿ ಒಂದೂ ಹೀಗೆ ಕೈ ಬದಲಾದ ನಂಬರನ್ನು ಮುಟ್ಟಿಲ್ಲ ಅನ್ನುವುದೇ ನನ್ನ ದೊಡ್ಡ ದೂರು.

ಹತ್ತಿರ ಬಂದವರು ಜಪಾನಿನವರು. 2003ರಲ್ಲಿ ತಕಾಶಿ ಮೀಕೆ ಮಾಡಿದ ಒನ್ ಮಿಸ್ಡ್ ಕಾಲ್‌ನಲ್ಲಿ ಫೋನಿಗೆ ಒಂದು ಧ್ವನಿ ಸಂದೇಶ ಬರುತ್ತದೆ. ಕಳಿಸಿದ ನಂಬರ್ ನಿಮ್ಮದೇ. ತಾರೀಕು ಇನ್ನೂ ಬಂದಿಲ್ಲದ ದಿನದ್ದು. ದನಿಯೂ ನಿಮ್ಮದೇ, ಸಾಯುವ ಹೊತ್ತಿನದು. ಅದಕ್ಕೂ ಮುಂಚೆ 1998ರ ರಿಂಗು ಬಂದಿತ್ತು. ಒಂದು ವಿಡಿಯೋ ಕ್ಯಾಸೆಟ್ ನೋಡಿ ಮುಗಿಸಿದ ಕೂಡಲೇ ಫೋನ್ ರಿಂಗಾಗುತ್ತದೆ, ಅಲ್ಲಿಂದ ಏಳು ದಿನ ಲೆಕ್ಕ. ಎರಡರಲ್ಲೂ ಯಂತ್ರ ತನ್ನ ಕೆಲಸವನ್ನು ಸರಿಯಾಗೇ ಮಾಡುತ್ತದೆ. ಸಂದೇಶ ತಲುಪಿಸುತ್ತದೆ, ಅಷ್ಟೇ. ಸಬ್‌ಟೈಟಲ್ ಓದುವ ತಾಳ್ಮೆ ಇರುವವರು ಹಿಂದಿಯ ಎರಡನೇ ದರ್ಜೆಯ ಚಿತ್ರ ಬಿಟ್ಟು ಇವನ್ನೇ ನೋಡಬೇಕು.

ಒನ್ ಮಿಸ್ಡ್ ಕಾಲ್ ಬಂದ ವರ್ಷವೇ ನಮ್ಮಲ್ಲಿ ಒಳಬರುವ ಕರೆ ಪುಕ್ಕಟೆ ಆಯಿತು. ಆಗಿನ ಮಿಸ್ ಕಾಲ್ ಅಂದರೆ ನಮಗೆ ಭಯ ಅಲ್ಲ, ಉಳಿತಾಯ. ಒಂದು ರಿಂಗ್ ಕೊಟ್ಟರೆ ಮನೆ ಹತ್ತಿರ ಬಂದೆ, ಎರಡು ಕೊಟ್ಟರೆ ಗೇಟ್ ತೆಗಿ. ಅದನ್ನೇ ದೆವ್ವ ಕೊಟ್ಟರೆ ಹೇಗಿರುತ್ತದೆ ಅಂತ ಆಗ ನಮ್ಮವರು ಯಾರಾದರೂ ಸಿನಿಮಾ ಮಾಡಿದ್ದರೆ ಊರೆಲ್ಲ ನೋಡುತ್ತಿತ್ತು.

ಭಯ ಇದ್ದಿದ್ದಂತೂ ನಿಜ. 2007ರಲ್ಲಿ ಪಾಕಿಸ್ತಾನದಲ್ಲಿ ಕೆಲವು ನಂಬರ್‌ಗಳಿಂದ ಬಂದ ಕರೆ ಎತ್ತಿದರೆ ಸಾಯುತ್ತಾರೆ ಅನ್ನುವ ಸುದ್ದಿ ಹಬ್ಬಿ, ಫೋನ್ ಕಂಪನಿಗಳೇ ಅದು ಸುಳ್ಳು ಅಂತ ಹೇಳಬೇಕಾಯಿತು. ಮೊಬೈಲ್ ಇಲ್ಲದ ಕಾಲದಲ್ಲಿ ನಮ್ಮ ರಾಜ್ಯದಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ಆ ಸುದ್ದಿ ಬಾಯಿಂದ ಬಾಯಿಗೇ ಅಷ್ಟು ದೂರ ಓಡಿತ್ತು. 2018ರ ಸ್ತ್ರೀ ಚಿತ್ರದ ಗೋಡೆಬರಹಕ್ಕೆ ಮೂಲ ಅದೇ.

ಹೆಸರಿಗೆ ಫೋನು, ಮನೆಮಂದಿಗೆ ಮಜಾ

ಫೋನ್ ಭೂತ್ ಅನ್ನುವ ಹೆಸರು ನೋಡಿ ಹೆದರಲು ಕೂತರೆ ನಿರಾಸೆ ಖಂಡಿತ. 2022ರ ನವೆಂಬರ್‌ನಲ್ಲಿ ಬಂದ ಈ ಚಿತ್ರ ಪೂರ್ತಿ ತಮಾಷೆ. ಕತ್ರೀನಾ ಕೈಫ್ ದೆವ್ವ, ಸಿದ್ಧಾಂತ್ ಚತುರ್ವೇದಿ ಮತ್ತು ಇಶಾನ್ ಖಟ್ಟರ್ ದೆವ್ವ ಬಿಡಿಸುವ ಹುಡುಗರು, ಜಾಕಿ ಶ್ರಾಫ್ ಖಳನಾಯಕ. ಫೋನು ಅವರ ಧಂದೆಯ ನಂಬರ್ ಅಷ್ಟೇ, ಅದರೊಳಗೆ ಏನೂ ಇಲ್ಲ. ಹಳೇ ಸಿನಿಮಾ, ಜಾಹೀರಾತುಗಳ ಅಣಕ ಜಾಸ್ತಿ. ಚುರಮರಿ, ಮಿರ್ಚಿ ಭಜಿ ಇಟ್ಟುಕೊಂಡು ಗಲಾಟೆ ಮಾಡುತ್ತ ನೋಡಲು ಅಡ್ಡಿ ಇಲ್ಲ.

ಮಕ್ಕಳಿದ್ದರೆ 2018ರ 2.0 ಉತ್ತಮ. ಶಂಕರ್ ಅವರ ತಮಿಳು ಚಿತ್ರ, ಹಿಂದಿಯಲ್ಲೂ ಬಂತು. ಊರಿನ ಮೊಬೈಲ್‌ಗಳೆಲ್ಲ ಕೈಯಿಂದ ಕಿತ್ತುಕೊಂಡು ಆಕಾಶಕ್ಕೆ ಹಾರಿ, ಗುಂಪುಗೂಡಿ ದೊಡ್ಡ ಹಕ್ಕಿಯಾಗುವ ದೃಶ್ಯವನ್ನು ಆದಷ್ಟು ದೊಡ್ಡ ಪರದೆಯಲ್ಲಿ ನೋಡಬೇಕು. ಇಲ್ಲಿ ನನ್ನ ಪರದೆಯ ಸೂತ್ರ ನಡೆಯುವುದಿಲ್ಲ, ಮೊಬೈಲಿನಲ್ಲಿ ನೋಡಿದರೆ ಕಪ್ಪು ಚುಕ್ಕೆಗಳಷ್ಟೇ ಕಾಣುತ್ತವೆ. ಪಕ್ಷಿಗಳಿಗಾಗಿ ಜೀವ ಕೊಟ್ಟ ಮುದುಕನ ಪಾತ್ರದಲ್ಲಿ ಅಕ್ಷಯ್ ಕುಮಾರ್ ಮನಸ್ಸಿಗೆ ತಟ್ಟುತ್ತಾರೆ. ಟವರ್‌ನಿಂದ ಹಕ್ಕಿಗಳು ಸಾಯುತ್ತವೆ ಅನ್ನುವ ಅದರ ವಾದವನ್ನು ಮಾತ್ರ ಮಕ್ಕಳಿಗೆ ವಿಜ್ಞಾನ ಅಂತ ಹೇಳಿಕೊಡಬೇಡಿ. ಅದು ಸಾಬೀತಾದ ಮಾತಲ್ಲ, ಬಿಡುಗಡೆಗೆ ಮುಂಚೆ ಮೊಬೈಲ್ ಕಂಪನಿಗಳ ಸಂಘ ದೂರನ್ನೂ ಕೊಟ್ಟಿತ್ತು. ಭಾರತದಲ್ಲಿ 2012ರ ಸೆಪ್ಟೆಂಬರ್‌ನಿಂದಲೇ ಟವರ್ ವಿಕಿರಣದ ಮಿತಿಯನ್ನು ಹಿಂದಿನದರ ಹತ್ತನೇ ಒಂದು ಭಾಗಕ್ಕೆ ಇಳಿಸಿದ್ದಾರೆ.

ಕಿವಿಯ ವಿಚಾರ

ಪರದೆಗಿಂತ ಸದ್ದು ಮುಖ್ಯ ಅನ್ನುವವರ ಜೊತೆ ನಾನು ಜಗಳ ಮಾಡುವುದಿಲ್ಲ. ನಮ್ಮೂರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಗೋಳಗುಮ್ಮಟದ ಮೂಲೆಯ ಏಳಂತಸ್ತಿನ ಗೋಪುರದ ಕಿರಿದಾದ ಮೆಟ್ಟಿಲು ಹತ್ತಿ, ಶಾಲಾ ಮಕ್ಕಳು ಬಂದು ಕೂಗಾಡುವ ಮುಂಚೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ನೋಡಿ. ಆ ತುದಿಯಲ್ಲಿ ನಿಂತವರ ಮುಖವೂ ಸರಿಯಾಗಿ ಕಾಣುವುದಿಲ್ಲ. ಅವರು ಗೋಡೆಗೆ ಬಾಯಿಟ್ಟು ಮೆಲ್ಲಗೆ ಹೆಸರು ಕರೆದರೆ ನಿಮ್ಮ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಸದ್ದು ದುಂಡನೆಯ ಗೋಡೆಯನ್ನು ಹಿಡಿದೇ ಸುತ್ತಿಕೊಂಡು ಬರುತ್ತದೆ. ತಿರುಗಿ ನೋಡಿದರೆ ಬರೀ ಗೋಡೆ. ದನಿ ಹತ್ತಿರ, ಮನುಷ್ಯ ದೂರ: ಫೋನಿನ ಭಯ ಪೂರ್ತಿ ಇಷ್ಟರಲ್ಲೇ ಇದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯ ಮೇಲೆ ಇದು ಇದೆ ಅನ್ನುವುದನ್ನೂ ಸೇರಿಸಿಕೊಳ್ಳಿ.

ಹಾಗಾಗಿ ರಾಗಿಣಿ, 6-5=2, ಜಪಾನಿ ಚಿತ್ರಗಳಿಗೆ ಇಯರ್‌ಫೋನ್ ಬೇಕೇ ಬೇಕು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಗೆ ಹಾಸಿಕೊಂಡು, ಒಂದೇ ಕಿವಿಗೆ ಹಾಕಿಕೊಂಡು ನೋಡುವುದು ನನ್ನ ಸಲಹೆ. ಇನ್ನೊಂದು ಕಿವಿಗೆ ಊರಿನ ಸದ್ದು ಬರುತ್ತಿರಲಿ, ದೂರದ ರೈಲು, ಯಾರದೋ ಮನೆಯ ಗೇಟು. ಯಾವುದು ಸಿನಿಮಾದ್ದು ಯಾವುದು ಓಣಿಯದ್ದು ಅಂತ ತಿಳಿಯದೆ ಎರಡು ಸಲವಾದರೂ ಎದ್ದು ಕೂರುತ್ತೀರಿ. 13ಬಿಗೆ ಇಯರ್‌ಫೋನ್ ಬೇಡ. ಟಿವಿಯ ಸದ್ದು ಅಡುಗೆಮನೆಯವರೆಗೆ ಕೇಳಬೇಕು.

ಎಲ್ಲಿ ಸಿಗುತ್ತವೆ ಅನ್ನುವುದಕ್ಕೆ ಕಾಯಂ ಉತ್ತರ ಇಲ್ಲ. ಹಳೇ ಹಿಂದಿ ಚಿತ್ರಗಳು ಇವತ್ತು ಒಂದು ಒಟಿಟಿಯಲ್ಲಿ ಇದ್ದರೆ ನಾಳೆ ಇನ್ನೊಂದರಲ್ಲಿ. ಕಂಟ್ರೋಲ್ ಮಾತ್ರ ನೆಟ್‌ಫ್ಲಿಕ್ಸ್‌ನದೇ. ಪುಕ್ಕಟೆ ಸಿಗುತ್ತದೆ ಅಂತ ಯಾವುದೋ ಲಿಂಕ್ ಒತ್ತಿ, ಅದು ಕೇಳಿದ್ದಕ್ಕೆಲ್ಲ ಅಲೋ ಕೊಡಬೇಡಿ. ಸಂಜೆ ನೆಟ್ ಚೆನ್ನಾಗಿದ್ದಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಡಿ. ನಡುವೆ ಕರೆಂಟ್ ಹೋದರೂ ಸಿನಿಮಾ ಓಡುತ್ತಿರುತ್ತದೆ.